ಕುಮಟಗಿಯ ನೀರಿನ ಮಹಲು
(ಸುವರ್ಣ ಮಹೋತ್ಸವ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಭಾಷಣ)



ಮಕ್ಕಳಿಗೆ ಉಪಯೋಗವಾಗುವ ಎರಡು ಮಾತು ಹೇಳಿ ಎಂದು ಮುಖ್ಯ ಗುರುಗಳ ಅಪ್ಪಣೆಯಾಗಿದೆ. ನಾನು ನೋಡಿಬಂದ ಒಂದು ನೀರಿನ ಮಹಲಿನ ವಿಷಯ ಹೇಳುತ್ತೇನೆ.

ಕೆರೆಯೊಳಗಿನ ಅರಮನೆ ಎಂದರೆ ಎಲ್ಲರಿಗೂ ಉದಯಪುರ, ಜೈಪುರ ನೆನಪಾಗುತ್ತವೆ. ಜೈಪುರದ ಮಾನಸಾಗರ ತುಂಬಿದಾಗ ಜಲಮಹಲಿನ ಐದು ಅಂತಸ್ತುಗಳಲ್ಲಿ ನಾಲ್ಕು ನೀರೊಳಗೇ ಇರುತ್ತವೆ. ಆದರೆ ಅಷ್ಟು ದೂರ ಹೋಗಬೇಕಿಲ್ಲ. ವಿಜಯಪುರದಿಂದ ಸಿಂದಗಿ ರಸ್ತೆ ಹಿಡಿದರೆ ಸುಮಾರು 20 ಕಿ.ಮೀ. ದೂರದಲ್ಲಿ ಕುಮಟಗಿ ಸಿಗುತ್ತದೆ. ಆದಿಲಶಾಹಿ ಸುಲ್ತಾನರು ಬೇಸಿಗೆ ಕಳೆಯಲು ಕಟ್ಟಿಸಿದ ವಿಹಾರಸ್ಥಾನವದು. ಚೌಕಾಕಾರದ ಹೊಂಡ, ಅದರ ನಡುವೆ ಚಿಕ್ಕ ಮಹಲು, ಅಲ್ಲಿಗೆ ನಡೆದುಹೋಗಲು ದಾರಿ.

ಆಗ ವಿದ್ಯುತ್ತಿರಲಿಲ್ಲ, ಪಂಪೂ ಇರಲಿಲ್ಲ. ನೀರನ್ನು ಎತ್ತರದ ಗೋಪುರಕ್ಕೆ ಏರಿಸಿ, ಅಲ್ಲಿಂದ ಕೊಳವೆಗಳಲ್ಲಿ ಇಳಿಬಿಡುತ್ತಿದ್ದರು. ಇಳಿದ ನೀರಿನ ಒತ್ತಡಕ್ಕೆ ಕಾರಂಜಿಗಳು ಚಿಮ್ಮುತ್ತಿದ್ದವು. ಊರಿನ ನೀರಿನ ಟಾಕಿಯಿಂದ ನಮ್ಮ ಮನೆ ನಳಕ್ಕೆ ನೀರು ಬರುವುದೂ ಹೀಗೆಯೇ. ವಿಜ್ಞಾನದ ಪುಸ್ತಕದಲ್ಲಿರುವ ಒತ್ತಡದ ಪಾಠವನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಒಳಗೋಡೆಗಳ ಮೇಲೆ ಬಣ್ಣದ ಚಿತ್ರಗಳಿವೆ. ಕುದುರೆಯೇರಿ ಚೌಗಾನ್, ಅಂದರೆ ಪೋಲೊ, ಆಡುವವರಿದ್ದಾರೆ. ಕುಸ್ತಿ ಹಿಡಿದ ಪೈಲ್ವಾನರಿದ್ದಾರೆ. ಬಿಜಾಪುರ ಸಂಸ್ಥಾನ 1686ರಲ್ಲಿ ಔರಂಗಜೇಬನ ವಶವಾಯಿತು. ಸುಲ್ತಾನರು ಹೋದರೂ ಈ ಪೈಲ್ವಾನರು ಗೋಡೆಯ ಮೇಲೆ ಉಳಿದರು. ಈಗ ಅವರೂ ಮಸುಕಾಗಿದ್ದಾರೆ. ಮಳೆ ಗಾಳಿಯ ಜೊತೆಗೆ ನೋಡಲು ಬಂದವರ ಕೈಯೂ ಇದಕ್ಕೆ ಕಾರಣ. ಗೋಡೆ ಗೀಚಿ ಹೆಸರು ಬರೆದವರಿದ್ದಾರೆ. ಗಾರೆ ಕಿತ್ತರೆ ಅದರ ಮೇಲಿನ ಚಿತ್ರವೂ ಹೋಯಿತು. ಮತ್ತೆ ಬರೆಸಿದರೆ ಅದು ಹಳೆಯದಾಗುವುದಿಲ್ಲ.

ಮಕ್ಕಳೇ, ಇಂಥ ಆಸ್ತಿ ನಮ್ಮ ತಾಲ್ಲೂಕಿನಲ್ಲೂ ಇದೆ. ಅಬ್ಬಲೂರಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಕಥೆ ಶಾಸನವಾಗಿ, ಶಿಲ್ಪವಾಗಿ ಕಲ್ಲಿನಲ್ಲೇ ನಿಂತಿದೆ. ಮೊದಲು ಅದನ್ನು ನೋಡಿರಿ. ಕಲ್ಲಿಗೆ ಬಣ್ಣ ಬಳಿಯುವವರನ್ನು, ಹೆಸರು ಕೊರೆಯುವವರನ್ನು ಕಂಡರೆ ಬೇಡವೆಂದು ಹೇಳಿರಿ.

ಗುರುಗಳಲ್ಲಿ ಒಂದು ವಿನಂತಿ. ಶಾಲೆಯ ಪ್ರವಾಸ ಗೋಳಗುಮ್ಮಟಕ್ಕೆ ಹೋದಾಗ ಅರ್ಧ ದಿನ ಕುಮಟಗಿಗೂ ಇರಲಿ. ಹೆಚ್ಚಿನ ಬಸ್ ಖರ್ಚನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಹಂಚಿಕೊಳ್ಳೋಣ. ನನ್ನ ಪಾಲನ್ನು ಈ ದಿನವೇ ಗುರುಗಳ ಕೈಗೆ ಕೊಡುತ್ತೇನೆ.