ಪಟ ಗಿರಾಕಿಯದು, ಕಟ್ಟು ನಮ್ಮದು

(ಸಂಘದ ಮಾಸಿಕ ಕೂಟದಲ್ಲಿ, ಪಟಗಳಿಗೆ ಕಟ್ಟು ಹಾಕುವ ಕಸಬಿನವರನ್ನು ಉದ್ದೇಶಿಸಿ ಮುಂಬಯಿಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನನಗೆ ರೂಢಿಯಿಲ್ಲ. ಗರಗಸ, ಗಾಜು ಕೊಯ್ಯುವ ಉಳಿ, ಅಂಟಿನ ಡಬ್ಬಿ, ಇವುಗಳ ನಡುವೆ ನಾಲ್ವತ್ತೈದು ವರ್ಷ ಕಳೆದವನು ನಾನು. ಊರು ಬಿಟ್ಟು ಬಂದ ಹೊಸದರಲ್ಲಿ ನಮ್ಮ ಕಡೆಯ ಅನೇಕರಂತೆ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದೆ. ರಾತ್ರಿ ಶಾಲೆಯಲ್ಲಿ ಓದಿದೆ. ಆಮೇಲೆ ಒಂದು ಕಟ್ಟಿನ ಅಂಗಡಿಯಲ್ಲಿ ಕೈಕೆಲಸಕ್ಕೆ ನಿಂತೆ. ಕೆಲಸ ಕಲಿಸಿದವರು ಒಳ್ಳೆಯವರೇ. ಆದರೆ ಅವರಿಗೂ ಗೊತ್ತಿರದಿದ್ದ ಕೆಲವು ಸಂಗತಿಗಳನ್ನು ನಾನು ಗಿರಾಕಿಗಳ ನಷ್ಟದಿಂದ ಕಲಿತೆ. ಹೊಸಬರು ಅದೇ ದಾರಿಯಲ್ಲಿ ಕಲಿಯಬೇಕಾಗಿಲ್ಲ ಎಂಬ ಒಂದೇ ಉದ್ದೇಶದಿಂದ ಇಂದು ನಾಲ್ಕು ಮಾತು ಹೇಳಲು ಒಪ್ಪಿಕೊಂಡೆ.

ನಮ್ಮ ಕಸಬಿಗೂ ಈ ನಗರಕ್ಕೂ ಹಳೆಯ ನಂಟು. ರಾಜಾ ರವಿವರ್ಮರ ಅಚ್ಚುಕೂಟ 1894ರಲ್ಲಿ ಇದೇ ಮುಂಬಯಿಯಲ್ಲಿ ಆರಂಭವಾಯಿತು. ಅಲ್ಲಿ ಅಚ್ಚಾದ ಲಕ್ಷ್ಮಿ ಸರಸ್ವತಿಯರು ಬಡವರ ಮನೆಯ ಗೋಡೆಗೂ ಬಂದರು. ಕಾಗದದ ಪಟ ಗೋಡೆಗೆ ಬರಬೇಕಾದರೆ ಗಾಜು ಬೇಕು, ಕಟ್ಟು ಬೇಕು. ಕಲಬುರಗಿಯಿಂದ ಬಂದ ಎಸ್. ಎಂ. ಪಂಡಿತರು ಈ ನಗರದಲ್ಲಿ ಕುಳಿತು ಬರೆದ ದೇವತೆಗಳ ಚಿತ್ರಗಳು ಕ್ಯಾಲೆಂಡರಿನ ಮೂಲಕ ಮನೆಮನೆಗೆ ಹೋದವು. ತಿಂಗಳು ಮುಗಿದರೂ ಜನ ಆ ಚಿತ್ರವನ್ನು ಎಸೆಯಲಿಲ್ಲ; ಕತ್ತರಿಸಿ ನಮ್ಮಂಥವರ ಬಳಿಗೆ ತಂದರು. ಹೀಗೆ ನಮ್ಮ ಅನ್ನ ನಡೆದಿದೆ. ಆದ್ದರಿಂದ ಪಟದ ಬೆಲೆ ಎಷ್ಟೆಂದು ನಾವು ಅಳೆಯಬಾರದು. ಹತ್ತು ರೂಪಾಯಿಯ ಪಟಕ್ಕೂ ಒಂದು ಮನೆಯ ಭಕ್ತಿ ಅಂಟಿಕೊಂಡಿರುತ್ತದೆ.

ಈಗ ನನ್ನ ತಪ್ಪಿನ ಕಥೆ ಹೇಳುತ್ತೇನೆ. 1983ರ ಮಳೆಗಾಲ. ಅದರ ಹಿಂದಿನ ವರ್ಷದ ಗಿರಣಿ ಮುಷ್ಕರದಲ್ಲಿ ಕೆಲಸ ಕಳೆದುಕೊಂಡಿದ್ದ ಒಬ್ಬರು, ವಿಜಾಪುರದ ಕಡೆಯವರು, ತೀರಿಹೋದ ತಾಯಿಯ ಒಂದು ಫೋಟೋ ತಂದರು. ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು ಬಿಳುಪಿನ ಪ್ರತಿ. ಇದ್ದದ್ದು ಅದೊಂದೇ. ನಾನು ಆಗಿನ ಪದ್ಧತಿಯಂತೆ ಅದನ್ನು ಹುಲ್ಲು ರಟ್ಟಿಗೆ ಪೂರ್ತಿ ಅಂಟಿಸಿದೆ, ಮುಂದೆ ಗಾಜನ್ನು ನೇರವಾಗಿ ಒತ್ತಿದೆ, ಹಿಂದೆ ಹಳೆಯ ವರ್ತಮಾನ ಪತ್ರಿಕೆಯ ಹಾಳೆ ಮಡಿಸಿ ತುಂಬಿ ಮೊಳೆ ಹೊಡೆದೆ. ಅವರು ಎರಡು ಕಂತಿನಲ್ಲಿ ಹಣ ಕೊಟ್ಟು ಒಯ್ದರು.

ಮೂರು ಮಳೆಗಾಲ ಕಳೆದ ಮೇಲೆ ಕಟ್ಟನ್ನು ತಿರುಗಿ ತಂದರು. ಫೋಟೋದ ನಡುಭಾಗ ಗಾಜಿಗೆ ಅಂಟಿ ಹೊಳೆಯುತ್ತಿತ್ತು. “ಇದೇನು ದೊಡ್ಡ ಕೆಲಸ” ಎಂದು ನಾನು ಮೂಲೆ ಹಿಡಿದು ಎಳೆದೆ. ಕಾಗದ ಬಂತು, ತಾಯಿಯ ಮುಖ ಗಾಜಿನಲ್ಲೇ ಉಳಿಯಿತು. ಅವರು ಬೈಯಲಿಲ್ಲ. “ಇರಲಿ ಬಿಡ್ರಿ. ಅವ್ವನ ಮುಖ ನನಗ ನೆನಪೈತಿ. ಮಕ್ಕಳಿಗೆ ಏನ್ ತೋರಸಲಿ?” ಎಂದಷ್ಟೇ ಹೇಳಿ ಹೋದರು. ಹಣ ಹಿಂದಕ್ಕೆ ಕೊಡಹೋದೆ, ತೆಗೆದುಕೊಳ್ಳಲಿಲ್ಲ. ಬೈದಿದ್ದರೆ ನಾನು ಮರೆಯುತ್ತಿದ್ದೆನೇನೋ.

ಆ ದಿನದಿಂದ ಒಂದು ನಿಯಮ ಹಿಡಿದೆ. ಪಟಕ್ಕೆ ನಾವು ಮಾಡಿದ್ದನ್ನೆಲ್ಲ ಮುಂದೆ ಇನ್ನೊಬ್ಬನು ಪಟಕ್ಕೆ ನೋವಾಗದಂತೆ ಬಿಚ್ಚಲು ಬರಬೇಕು. ಬಿಚ್ಚಲು ಬಾರದ ಯಾವ ಕೆಲಸವನ್ನೂ ಪಟದ ಮೇಲೆ ಮಾಡಬಾರದು. ಉಳಿದದ್ದೆಲ್ಲ ಈ ನಿಯಮದ ವಿಸ್ತಾರ.

ಮೊದಲನೆಯದು ಗಾಜು. ಫೋಟೋದ ಮೇಲ್ಪದರ ಜೆಲಟಿನ್ ಎಂಬ ವಸ್ತುವಿನದು. ತೇವ ತಗಲಿದರೆ ಅದು ಉಬ್ಬಿ ಮೆತ್ತಗಾಗಿ ಗಾಜಿಗೆ ಹಿಡಿಯುತ್ತದೆ. ಇಂದಿನ ಶಾಯಿಮುದ್ರಣದ ಪ್ರತಿಗಳೂ ಗಾಜಿಗೆ ಅಂಟುವುದುಂಟು. ಮುಂಬಯಿಯ ನಾಲ್ಕು ತಿಂಗಳ ಮಳೆಗಾಲದಲ್ಲಿ ಇದಕ್ಕೆ ಹೆಚ್ಚು ಕಾಲ ಬೇಕಾಗಿಲ್ಲ. ಆದ್ದರಿಂದ ಪಟಕ್ಕೂ ಗಾಜಿಗೂ ನಡುವೆ ಗಾಳಿಯ ಅಂತರ ಇರಲೇಬೇಕು. ಸಣ್ಣ ಪಟಕ್ಕೆ ಕಿಟಕಿ ಕೊಯ್ದ ಮೌಂಟಿನ ದಪ್ಪವೇ ಸಾಕು. ದೊಡ್ಡ ಪಟ ಹೊಟ್ಟೆ ಉಬ್ಬಿ ಮುಂದೆ ಬರುವುದರಿಂದ ಅಂಚಿನಲ್ಲಿ ಮೂರರಿಂದ ಐದು ಮಿಲಿಮೀಟರಿನ ತೆಳು ಪಟ್ಟಿಯನ್ನು ಗಾಜಿನ ಕೆಳಗೆ ಅಡಗಿಸಿರಿ. ಮೈಸೂರು ಶೈಲಿಯ ಚಿತ್ರ ಅಥವಾ ತಂಜಾವೂರು ಚಿತ್ರ ಬಂದರೆ ಇನ್ನೂ ಎಚ್ಚರ ಬೇಕು. ಅವುಗಳ ಚಿನ್ನದ ಕೆಲಸ ಉಬ್ಬಿರುತ್ತದೆ. ಗಾಜು ಒತ್ತಿದರೆ ನಜ್ಜುಗುಜ್ಜಾಗುತ್ತದೆ.

ಈಗಾಗಲೇ ಅಂಟಿಕೊಂಡ ಫೋಟೋ ಬಂದರೆ ನನ್ನಂತೆ ಎಳೆಯಬೇಡಿ. ಗಾಜಿನ ಮೇಲಿಂದಲೇ ಒಂದು ಒಳ್ಳೆಯ ಪ್ರತಿ ತೆಗೆಸಿರಿ. ಗಾಜು ಸಮೇತ ಹಾಗೆಯೇ ಇಡಲು ಹೇಳಿರಿ. ಬೆಲೆಬಾಳುವಂಥದಾದರೆ ಪಟಗಳ ಸಂರಕ್ಷಣೆ ಬಲ್ಲವರ ಬಳಿಗೆ ಕಳುಹಿಸಿರಿ. ನಮ್ಮ ನಗರದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಇಂಥ ಕೆಲಸದ ಕೇಂದ್ರವಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವುದರಿಂದ ಅಂಗಡಿಯ ಮಾನ ಹೋಗುವುದಿಲ್ಲ.

ಎರಡನೆಯದು ರಟ್ಟು ಮತ್ತು ಅಂಟು. ಅಗ್ಗದ ಹುಲ್ಲು ರಟ್ಟಿನಲ್ಲೂ ಪತ್ರಿಕೆಯ ಕಾಗದದಲ್ಲೂ ಆಮ್ಲ ಇರುತ್ತದೆ. ಅದು ಮೆಲ್ಲಮೆಲ್ಲನೆ ಪಟಕ್ಕೆ ಇಳಿದು ಕಾಗದವನ್ನು ಕಂದು ಮಾಡುತ್ತದೆ, ಪೆಡಸು ಮಾಡುತ್ತದೆ. ಹಳೆಯ ಕಟ್ಟು ಬಿಚ್ಚಿದಾಗ ಮೌಂಟಿನ ಕಿಟಕಿಯ ಸುತ್ತ ಕಂದು ಗೆರೆ ಕಂಡಿರಬಹುದು. ಅದು ಸುಟ್ಟ ಗಾಯವಿದ್ದಂತೆ; ಒರೆಸಿದರೆ ಹೋಗದು. ಆಮ್ಲವಿಲ್ಲದ ಮೌಂಟ್ ಬೋರ್ಡಿಗೆ ಬೆಲೆ ಹೆಚ್ಚು, ನಿಜ. ಎಲ್ಲ ಪಟಕ್ಕೂ ಅದನ್ನೇ ಹಾಕಿ ಎಂದು ನಾನು ಹೇಳಲಾರೆ. ಆದರೆ ಎರಡೂ ತುಂಡುಗಳನ್ನು ಗಿರಾಕಿಯ ಮುಂದಿಟ್ಟು ವ್ಯತ್ಯಾಸ ಹೇಳಿರಿ. ತಾಯಿಯ ಫೋಟೋಗೆ ಯಾವುದು ಬೇಕೆಂದು ಅವರೇ ನಿರ್ಧರಿಸಲಿ.

ಸೆಲೋಟೇಪನ್ನು ಪಟಕ್ಕೆ ತಾಗಿಸಲೇಬೇಡಿ. ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಫೆವಿಕಾಲ್ ಮರಕ್ಕೆ ಒಳ್ಳೆಯದು, ಪಟಕ್ಕಲ್ಲ. ಕೆಲವರು ಹುಳು ಬಾರದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ. ಆ ಅಂಟೂ ಪಟಕ್ಕೆ ಬೇಡ. ಕಾಗದದ ಚಿತ್ರವಾದರೆ ಗೋಧಿಯ ಪಿಷ್ಟವನ್ನು ನೀರಿನಲ್ಲಿ ಚೆನ್ನಾಗಿ ಬೇಯಿಸಿ ಸೋಸಿದ ಅಂಟು ಸಾಕು. ತೆಳುವಾದ, ಗಟ್ಟಿ ನಾರಿನ ಕೈಕಾಗದದ ಎರಡು ಸಣ್ಣ ತುಂಡುಗಳಿಂದ ಪಟದ ಮೇಲಂಚನ್ನು ಮಾತ್ರ ಹಿಂದಿನ ಬೋರ್ಡಿಗೆ ತೂಗಿಬಿಡಿ. ಕಾಗದ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾಲ್ಕೂ ಕಡೆ ಬಿಗಿದರೆ ಅಲೆಯೇಳುತ್ತದೆ. ಫೋಟೋವಾದರೆ ಅಂಟೇ ಬೇಡ. ಕಾಗದ ಮಡಚಿ ಮಾಡಿದ ಮೂಲೆಚೀಲಗಳನ್ನು ಬೋರ್ಡಿಗೆ ಅಂಟಿಸಿ ಅವುಗಳಲ್ಲಿ ಫೋಟೋದ ಮೂಲೆಗಳನ್ನು ಸೇರಿಸಿರಿ.

ಮೂರನೆಯದು ನಮ್ಮ ಮನೆಗಳ ರೂಢಿಗೆ ಸಂಬಂಧಿಸಿದ್ದು. ದೇವರ ಪಟಕ್ಕೂ ಹಿರಿಯರ ಫೋಟೋಗೂ ನಾವು ನೀರು ಚಿಮುಕಿಸಿದ ಹೂವಿನ ಮಾಲೆ ಹಾಕುತ್ತೇವೆ, ಗಾಜಿಗೆ ಒದ್ದೆ ಗಂಧ ಕುಂಕುಮ ಹಚ್ಚುತ್ತೇವೆ. ಆ ನೀರು ಗಾಜಿನ ಮೇಲೆ ಇಳಿದು ಕೆಳಪಟ್ಟಿಯ ಸಂದಿಯಲ್ಲಿ ಸೇರಿ ಪಟಕ್ಕೆ ಏರುತ್ತದೆ. ಪಟದ ಕೆಳಭಾಗವೇ ಮೊದಲು ಕೆಡುವುದಕ್ಕೆ ಅನೇಕ ಸಲ ಇದೇ ಕಾರಣ. ಪೂಜೆ ಬೇಡವೆಂದು ಹೇಳಲು ನಾವು ಯಾರು? ಕಟ್ಟನ್ನೇ ಅದಕ್ಕೆ ಸಿದ್ಧಪಡಿಸಬೇಕು. ಗಾಜು, ಮೌಂಟ್, ಹಿಂದಿನ ಬೋರ್ಡು ಮೂರನ್ನೂ ಜೋಡಿಸಿ, ಪಟಕ್ಕೆ ತಾಗದಂತೆ ಹೊರ ಅಂಚಿಗೆ ಸುತ್ತಲೂ ಒಳ್ಳೆಯ ಟೇಪು ಸುತ್ತಿ ಒಂದೇ ಗಂಟು ಮಾಡಿರಿ. ಆಮೇಲೆ ಕಟ್ಟಿಗೆ ಕೂರಿಸಿರಿ. ಆದರೆ ಮಳೆಯ ದಿನ ತೇವ ಕುಡಿದ ಬೋರ್ಡನ್ನು ಹೀಗೆ ಮುಚ್ಚಿದರೆ ತೇವವನ್ನೇ ಒಳಗೆ ಬಂಧಿಸಿದಂತಾಗುತ್ತದೆ. ಮೊದಲು ಒಣ ಕೋಣೆಯಲ್ಲಿಟ್ಟು ಆರಿಸಿರಿ. ಗಾಜು ಒರೆಸುವಾಗ ದ್ರವವನ್ನು ಬಟ್ಟೆಗೆ ಹಾಕಬೇಕು, ಗಾಜಿಗಲ್ಲ ಎಂದು ಮನೆಯವರಿಗೂ ಹೇಳಿಕೊಡಿರಿ.

ಹಿಂಬದಿಯ ಕೆಳಮೂಲೆಗಳಿಗೆ ಎರಡು ರಬ್ಬರು ಗುಂಡಿ ಅಂಟಿಸುವುದಕ್ಕೆ ಖರ್ಚು ಬಹಳ ಕಡಿಮೆ. ಕಟ್ಟು ಗೋಡೆಯಿಂದ ಸ್ವಲ್ಪ ದೂರ ನಿಂತು ಗಾಳಿ ಆಡುತ್ತದೆ. ಒದ್ದೆ ಗೋಡೆಯ ಬೂಷ್ಟು ಪಟಕ್ಕೆ ದಾಟುವುದು ತಪ್ಪುತ್ತದೆ. ಕೊಕ್ಕೆಗಳನ್ನು ಮೇಲಿನಿಂದ ಮೂರನೆಯ ಒಂದು ಭಾಗದಲ್ಲಿ ಎರಡೂ ಪಕ್ಕದ ಪಟ್ಟಿಗೆ ಹಾಕಿರಿ. ಭಾರದ ಕಟ್ಟನ್ನು ಒಂದೇ ಮೊಳೆಗೆ ತೂಗಿಸಬೇಡಿ.

ಇನ್ನು ಮರದ ಕೆಲಸ. ಮೂಲೆ ಬಾಯಿ ಬಿಟ್ಟರೆ ನಾವು ಗರಗಸದ ನಾಲ್ವತ್ತೈದು ಡಿಗ್ರಿಯನ್ನು ದೂರುತ್ತೇವೆ. ಎದುರುಬದುರಿನ ಪಟ್ಟಿಗಳ ಉದ್ದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಾಗಾಗುತ್ತದೆ ಎಂಬುದನ್ನು ಮರೆಯುತ್ತೇವೆ. ಪ್ರತಿ ಪಟ್ಟಿಗೂ ಬೇರೆ ಗುರುತು ಹಾಕಬೇಡಿ. ತಡೆಗಟ್ಟೆಯೊಂದನ್ನು ಬಿಗಿದು ಜೋಡಿಯನ್ನು ಒಂದೇ ಅಳತೆಗೆ ಕೊಯ್ಯಿರಿ. ಜೋಡಿಸಿದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆಯಿರಿ. ಎರಡೂ ಸಮನಾಗಿದ್ದರೆ ಕಟ್ಟು ನೇರವಾಗಿದೆ. ಗಾಜು ಕೂರುವ ಜಾಗ ಗಾಜಿಗಿಂತ ಸುಮಾರು ಮೂರು ಮಿಲಿಮೀಟರ್ ಸಡಿಲವಿರಲಿ.

ಈಗ ಹೊಟ್ಟೆಪಾಡಿನ ಲೆಕ್ಕ. ನಮ್ಮಲ್ಲಿ ಅನೇಕರು ಬೆವರು ಸುರಿಸಿಯೂ ಸಾಲ ಮಾಡುವುದಕ್ಕೆ ಕಾರಣ, ಪಟದ ಸುತ್ತಳತೆಗೆ ಮಾತ್ರ ಬೆಲೆ ಹೇಳುವುದು. ಒಂದು ಪಟ 12ಕ್ಕೆ 16 ಇಂಚು ಎನ್ನೋಣ. ಸುತ್ತಲೂ ಎರಡೂವರೆ ಇಂಚು ಮೌಂಟ್ ಹಾಕಿದರೆ ಗಾಜು 17ಕ್ಕೆ 21 ಆಯಿತು. ಸುತ್ತಳತೆ 76 ಇಂಚು. ಪಟ್ಟಿಯ ಅಗಲ ಒಂದೂವರೆ ಇಂಚು. ಓರೆಯಾಗಿ ಕೊಯ್ಯುವಾಗ ಪ್ರತಿ ತುಂಡಿನ ಎರಡೂ ತುದಿಯಲ್ಲಿ ಪಟ್ಟಿಯ ಅಗಲದಷ್ಟು ಹೆಚ್ಚು ಬೇಕು. ನಾಲ್ಕು ತುಂಡಿಗೆ ಎಂಟು ತುದಿ. ಎಂಟು ಸಲ ಒಂದೂವರೆ ಎಂದರೆ 12 ಇಂಚು. ಗರಗಸ ತಿನ್ನುವ ಹುಡಿಗೆ ಇನ್ನೊಂದು ಇಂಚು. ಒಟ್ಟು 89 ಇಂಚು. ಗಾಜಿನ ಮೇಲೆ ಚಾಚುವ ತುಟಿಯ ಭಾಗ ಲೆಕ್ಕದಲ್ಲಿ ಸೇರಿರುವುದರಿಂದ ಒಂದೆರಡು ಇಂಚು ಕೈಯಲ್ಲಿ ಉಳಿಯಬಹುದು. ಆದರೆ ಒಡೆದ ತುದಿಗಳಿಗೆ ಅದು ಬೇಕೇ ಬೇಕಾಗುತ್ತದೆ. 76ಕ್ಕೆ ಬೆಲೆ ಹೇಳಿದವನು ಒಂದು ಕಟ್ಟಿನಲ್ಲಿ ಸುಮಾರು ಒಂದು ಅಡಿ ಮರ ದಾನ ಮಾಡಿದ. ಹತ್ತು ಕಟ್ಟಿಗೆ ಹತ್ತು ಅಡಿಯ ಒಂದು ಇಡೀ ಪಟ್ಟಿ ಹೋಯಿತು. ಅದೇ ಹತ್ತಡಿಯ ಪಟ್ಟಿಯಲ್ಲಿ ಈ ಕಟ್ಟು ಕೊಯ್ದ ಮೇಲೆ ಉಳಿಯುವ 31 ಇಂಚನ್ನು ಒಲೆಗೆ ಹಾಕದೆ, 4ಕ್ಕೆ 5 ಇಂಚಿನ ಫೋಟೋಗೆ ಕಟ್ಟು ಮಾಡಿಟ್ಟರೆ ಆ ದಿನದ ಊಟದ ಖರ್ಚು ಹುಟ್ಟುತ್ತದೆ.

ಮರ, ಗಾಜು, ಮೌಂಟ್, ಹಿಂಬದಿ, ಕೊಕ್ಕೆ, ನಮ್ಮ ಕೂಲಿ, ಅಂಗಡಿಯ ಬಾಡಿಗೆ, ವಿದ್ಯುತ್ತು, ಒಡೆಯುವ ಗಾಜಿನ ನಷ್ಟ, ಇವೆಲ್ಲವನ್ನೂ ಬರೆದು ಕೂಡಿಸಿದ ಮೇಲೆ ಬೆಲೆ ಹೇಳಿರಿ. ಪಕ್ಕದವನು ಕಡಿಮೆ ಹೇಳಿದನೆಂದು ನಾವೂ ಇಳಿಸುತ್ತ ಹೋದರೆ ಕೊನೆಗೆ ಉಳಿತಾಯ ಮಾಡುವುದು ಪಟಕ್ಕೆ ತಾಗುವ ರಟ್ಟಿನಲ್ಲೇ. ಕಡಿಮೆ ಬೆಲೆಯ ದಂಡವನ್ನು ಆಗ ಗಿರಾಕಿಯ ಪಟ ತೆರುತ್ತದೆ. ಸಿದ್ಧ ಕಟ್ಟುಗಳು ಇಂದು ಮೊಬೈಲಿನಲ್ಲಿ ಕೇಳಿದರೆ ಮನೆಗೆ ಬರುತ್ತವೆ. ಬೆಲೆಯಲ್ಲಿ ಅವುಗಳೊಡನೆ ಓಟ ಬೇಡ. ಪಟವನ್ನು ಕೈಯಲ್ಲಿ ಹಿಡಿದು ನೋಡಿ, ಇದಕ್ಕೆ ಇಂಥದು ತಕ್ಕದ್ದು ಎಂದು ಹೇಳುವ ತಿಳಿವಳಿಕೆಯೇ ನಮ್ಮ ಬಂಡವಾಳ.

ಪಟ ಕೈಗೆ ಬಂದ ಕೂಡಲೆ ಕೇಳಬೇಕಾದ ಮೊದಲ ಪ್ರಶ್ನೆ ಅಳತೆಯದಲ್ಲ. “ಇದರ ಬೇರೆ ಪ್ರತಿ ಇದೆಯೆ?” ಎಂದು ಕೇಳಿರಿ. ಇಲ್ಲವೆಂದರೆ ಪ್ರತಿ ಮಾಡಿಸಿ, ಗೋಡೆಗೆ ಪ್ರತಿಯನ್ನು ಹಾಕಿ, ಮೂಲವನ್ನು ಒಳ್ಳೆಯ ಕಾಗದದ ಲಕೋಟೆಯಲ್ಲಿ ಹಿಂದಿರುಗಿಸಿರಿ. ಬೆಳಕು ಎಲ್ಲ ಪಟದ ಬಣ್ಣವನ್ನೂ ತಿನ್ನುತ್ತದೆ. ವಿಶೇಷ ಗಾಜು ಅದನ್ನು ತಗ್ಗಿಸೀತು, ನಿಲ್ಲಿಸದು. ತೀರಿಹೋದವರ ಫೋಟೋವನ್ನು ಹದಿಮೂರನೆಯ ದಿನದ ಒಳಗೆ ಬೇಕೆಂದು ಅವಸರದಲ್ಲಿ ತರುವವರಿಗಂತೂ ಇದೇ ಸರಿಯಾದ ದಾರಿ. ಅವಸರದಲ್ಲಿ ಕೈ ತಪ್ಪಿದರೂ ಕೆಡುವುದು ಪ್ರತಿ, ಮೂಲವಲ್ಲ.

ಎರಡನೆಯದಾಗಿ ರಸೀದಿ. ಪಟದ ಅಳತೆ, ಇರುವ ಹರಕು, ಕಲೆ, ಮಡಿಕೆ, ಒಪ್ಪಿದ ಸಾಮಾನು, ಬೆಲೆ, ಮುಂಗಡ, ಕೊಡುವ ದಿನ, ಇಷ್ಟನ್ನೂ ಬರೆದು ಸಹಿ ಪಡೆಯಿರಿ. ಮೊಬೈಲಿನಲ್ಲಿ ಹಿಂದೆ ಮುಂದೆ ಒಂದೊಂದು ಚಿತ್ರ ತೆಗೆದಿಡಿರಿ. ಅರ್ಧ ಮುಂಗಡವಿಲ್ಲದೆ ಮರ ಕೊಯ್ಯಬೇಡಿ. ಒಬ್ಬನ ಅಳತೆಯ ಕಟ್ಟು ಇನ್ನೊಬ್ಬನಿಗೆ ಬಾರದು. ಕೈತಪ್ಪಿ ಪಟಕ್ಕೆ ಏನಾದರೂ ಆದರೆ ಮುಚ್ಚಿಡದೆ ಅದೇ ದಿನ ತಿಳಿಸಿರಿ. ಮುಚ್ಚಿಟ್ಟದ್ದು ಗಾಜಿನ ಹಿಂದೆ ಬಹಳ ದಿನ ಅಡಗಿರುವುದಿಲ್ಲ.

ಬಂಧುಗಳೆ, ಸಂಘಕ್ಕೆ ನನ್ನದೊಂದು ವಿನಂತಿಯಿದೆ. ತಿಂಗಳಿಗೊಂದು ಭಾನುವಾರ ಇದೇ ಕೋಣೆಯಲ್ಲಿ ಕೂಡೋಣ. ಹಿರಿಯರು ಕೆಟ್ಟ ಹಳೆಯ ಕಟ್ಟುಗಳನ್ನು ತನ್ನಿರಿ. ಹುಡುಗರ ಎದುರಿಗೆ ಬಿಚ್ಚಿ, ಯಾವುದರಿಂದ ಕೆಟ್ಟಿತೆಂದು ತೋರಿಸೋಣ. ಆಮ್ಲವಿಲ್ಲದ ಬೋರ್ಡನ್ನು ಹತ್ತು ಅಂಗಡಿಯವರು ಸೇರಿ ಕೊಂಡರೆ ಒಬ್ಬೊಬ್ಬರಿಗೂ ಕಡಿಮೆ ಬೀಳುತ್ತದೆ. ಮೊದಲ ಭಾನುವಾರಕ್ಕೆ ನನ್ನ ಬಳಿಯಿರುವ ಒಂದು ಗಾಜನ್ನು ತರುತ್ತೇನೆ. ಆ ತಾಯಿಯ ಮುಖ ಅದರಲ್ಲಿ ಇನ್ನೂ ಅರ್ಧ ಉಳಿದಿದೆ. ಅವರು ಅದನ್ನು ನನ್ನಲ್ಲೇ ಬಿಟ್ಟು ಹೋದರು; ಎಸೆಯಲು ನನಗೆ ಕೈ ಬರಲಿಲ್ಲ. ನೂರು ಮಾತಿನಿಂದ ಆಗದ್ದು ಅದನ್ನೊಮ್ಮೆ ನೋಡಿದರೆ ಹುಡುಗರಿಗೆ ತಿಳಿದೀತು.