ಸಂತೆ ಹೊಂಡ ಕಲಿಸುವ ಪಾಠ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಒಂದು ಕಾರಂಜಿ ಕಟ್ಟಿಸೋಣ ಎಂದು ಹಳೆಯ ವಿದ್ಯಾರ್ಥಿಗಳಲ್ಲಿ ಮಾತು ನಡೆದಿದೆ. ಮೊದಲು ನಾನೂ ಹೂಂ ಅಂದವನೇ. ಆಮೇಲೆ ಚಿತ್ರದುರ್ಗದ ಸಂತೆ ಹೊಂಡ ನೆನಪಾಯಿತು.

ಪಟ್ಟಣದ ವೃತ್ತದ ಕಾರಂಜಿ ಕರೆಂಟು ಇದ್ದರೆ ಚಿಮ್ಮುತ್ತದೆ, ಹೋದರೆ ನಿಲ್ಲುತ್ತದೆ. ಪಾಳೆಯಗಾರರ ಕಾಲದವರು ಪೇಟೆಯ ನಡುವೆ ಕಟ್ಟಿಸಿದ್ದು ಕಲ್ಲಿನ ಮೆಟ್ಟಿಲುಗಳ ಹೊಂಡವನ್ನು. ಅದು ಊರಿಗೆ ಅಂದವೂ ಹೌದು, ನೀರೂ ಹೌದು.

ಆ ನೀರು ಬರುತ್ತಿದ್ದುದು ಕೋಟೆಯ ಬಂಡೆಗಳಿಂದ. ಮೇಲೆ ಸುರಿದ ಮಳೆ ಗೋಪಾಲಸ್ವಾಮಿ ಹೊಂಡ ಸೇರುತ್ತದೆ. ಅದು ತುಂಬಿದರೆ ಅಕ್ಕ-ತಂಗಿ ಹೊಂಡ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಕೆಳಗಿನ ಸಂತೆ ಹೊಂಡ. ಪಂಪಿಲ್ಲ, ಯಂತ್ರವಿಲ್ಲ, ಇಳಿಜಾರೇ ಎಲ್ಲ ಕೆಲಸ ಮಾಡುತ್ತದೆ. ಮೇಲಿನದು ತುಂಬಿದ ಮೇಲೆಯೇ ಕೆಳಗಿನದಕ್ಕೆ ಪಾಲು. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ನಾಯಕರ ಆಳ್ವಿಕೆ ಮುಗಿಯಿತು, ಹೊಂಡಗಳು ಉಳಿದವು.

ನಮ್ಮ ಹಿರಿಯೂರಿನ ಮಾರಿಕಣಿವೆಯನ್ನೂ ನೋಡಿ. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ವೇದಾವತಿಗೆ ಅಣೆಕಟ್ಟು ನಿಂತಿತು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಪಡೆಯಿತು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂದರೆ 89 ವರ್ಷ ಕಾಯಬೇಕಾಯಿತು. ಆ ವರ್ಷ ಒಳ್ಳೆಯ ಮಳೆಯ ಜೊತೆಗೆ ಭದ್ರೆಯ ನೀರೂ ಸೇರಿತ್ತು. ಕಟ್ಟೆ ಎಷ್ಟೇ ಗಟ್ಟಿಯಿರಲಿ, ನೀರು ಬರುವ ದಾರಿ ಇಲ್ಲದಿದ್ದರೆ ಅದು ಬರೀ ಗೋಡೆ.

ಹೊಳಲ್ಕೆರೆ, ಹೊಸದುರ್ಗದ ತೋಟಗಳಲ್ಲಿ ಬೋರ್‌ವೆಲ್ ಕೊರೆಸಿ ಸಾಲವಾದವರು ಈ ಸಭೆಯಲ್ಲೇ ಕೂತಿದ್ದೀರಿ. ನಿಮಗೆ ನಾನು ಹೇಳಬೇಕಾಗಿಲ್ಲ.

ಮಕ್ಕಳೇ, ಒಂದು ಲೆಕ್ಕ ಮಾಡಿ. 100 ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರು. 500 ಮಿಲಿಮೀಟರ್ ಬಿದ್ದರೆ 50,000 ಲೀಟರ್. ಸ್ವಲ್ಪ ಆವಿಯಾಗಿ, ಸ್ವಲ್ಪ ಸೋರಿ ಹೋದರೂ ಬಿಸಿಯೂಟದ ತಟ್ಟೆ ತೊಳೆಯಲು, ಶೌಚಾಲಯಕ್ಕೆ, ಗಿಡಗಳಿಗೆ ಎಷ್ಟೋ ದಿನ ಸಾಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಕಾರಂಜಿಗೆಂದು ಕೂಡಿಸುವ ಹಣದಲ್ಲಿ ಚಾವಣಿಯ ನೀರಿಗೆ ಒಂದು ತೊಟ್ಟಿ ಕಟ್ಟಿಸೋಣ. ತುಂಬಿ ಹೊರಬಂದ ನೀರನ್ನು ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಬಿಡೋಣ. ಮಳೆಗಾಲಕ್ಕೆ ಮೊದಲು ಚಾವಣಿ ಗುಡಿಸುವ ಕೆಲಸ ನಮ್ಮ ಬ್ಯಾಚಿನದು. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.

ಕಾರಂಜಿ ಬೇಕೇ ಬೇಕೆನ್ನುವವರು ಮೊದಲ ಮಳೆಗೆ ಬಂದು ತೊಟ್ಟಿಯ ಬಳಿ ನಿಲ್ಲಿ. ಕೊಳವೆಯಿಂದ ನೀರು ಧುಮುಕುವುದನ್ನು ಮಕ್ಕಳ ಜೊತೆ ನೋಡೋಣ.