ತಟ್ಟೆಯ ಸೊಪ್ಪು, ಬೇಳೆ ಮತ್ತು ಹೃದಯ



ಶುಲ್ಕ, ಪುಸ್ತಕದ ಮಾತು ನಡೆಯುವ ಸಭೆಯಲ್ಲಿ ಊಟದ ಮಾತೇಕೆ ಎನ್ನಬಹುದು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ, ದಕ್ಷಿಣ ಏಷ್ಯಾದ ನಮ್ಮಂಥವರಿಗೆ ಮೊದಲ ಹೃದಯಾಘಾತ ಆಗುವ ಸರಾಸರಿ ವಯಸ್ಸು 53. ಉಳಿದ ದೇಶಗಳಲ್ಲಿ ಸುಮಾರು 59. ಐವತ್ತಮೂರು ಎಂದರೆ ಮಗಳು ಡಿಗ್ರಿಯಲ್ಲಿ, ಮಗ ಎಸ್ಸೆಸ್ಸೆಲ್ಸಿಯಲ್ಲಿ ಇರುವ ಕಾಲ. ದುಡಿಯುವವರು ಹಾಸಿಗೆ ಹಿಡಿದರೆ ಮೊದಲು ನಿಲ್ಲುವುದು ಮಗಳ ಓದು. ತರಗತಿಯಲ್ಲಿ ಹಾಜರಿ ಕೂಗುತ್ತಾ ಇದನ್ನು ಕಂಡಿದ್ದೇನೆ.

ಅಮೆರಿಕದ ಡಾಕ್ಟರ್ ಡೀನ್ ಆರ್ನಿಷ್ 1990ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 48 ಹೃದ್ರೋಗಿಗಳು. ಒಂದು ಗುಂಪಿಗೆ ಧಾನ್ಯ, ಬೇಳೆಕಾಳು, ತರಕಾರಿ, ಹಣ್ಣಿನ ಊಟ. ಕೊಬ್ಬು ತೀರಾ ಕಡಿಮೆ. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ. ಒಂದು ವರ್ಷದಲ್ಲಿ ಮೊದಲ ಗುಂಪಿನವರ ರಕ್ತನಾಳದ ಕಿರಿದಾಗುವಿಕೆ ಸರಾಸರಿ ಶೇ. 40ರಿಂದ 37.8ಕ್ಕೆ ಇಳಿಯಿತು, ಎರಡನೆಯವರದು 42.7ರಿಂದ 46.1ಕ್ಕೆ ಏರಿತು. ಅಂಕಿ ಸಣ್ಣದು, ಆದರೆ ಒಂದು ಇಳಿಯಿತು, ಇನ್ನೊಂದು ಏರಿತು, ಅದನ್ನು ಗಮನಿಸಿ. ಊಟ ಬದಲಿಸಿದವರು ನಡಿಗೆಯನ್ನೂ ಮಾಡಿದರು, ಧೂಮಪಾನ ಬಿಟ್ಟರು, ಮನಸ್ಸಿಗೆ ವಿಶ್ರಾಂತಿ ಕೊಟ್ಟರು. ಹಾಗಾಗಿ ಶ್ರೇಯವೆಲ್ಲ ಸೊಪ್ಪಿಗೇ ಎಂದರೆ ಲೆಕ್ಕ ತಪ್ಪುತ್ತದೆ.

ಕಾಳು, ಓಟ್ಸ್, ಹಣ್ಣುಗಳಲ್ಲಿರುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೊಯ್ಯುತ್ತದೆ. ಹೊಸ ಪಿತ್ತ ಮಾಡಲು ಯಕೃತ್ತು ರಕ್ತದಲ್ಲಿನ ಕೊಲೆಸ್ಟ್ರಾಲನ್ನು ಬಳಸಿಕೊಳ್ಳುತ್ತದೆ. ವಿಜ್ಞಾನದ ಪಾಠ ಇಷ್ಟು ಸಾಕು.

ಆದರೆ ಮಾಂಸ ಬಿಟ್ಟೆ ಎಂದು ದಿನಾ ಪೂರಿ, ಬಜ್ಜಿ, ಬೇಕರಿಯ ಪಫ್ಸ್ ತಿಂದರೆ? ಅದೂ ಸಸ್ಯಾಹಾರವೇ! ಡಾಲ್ಡಾ ಕೂಡ ಗಿಡದ ಎಣ್ಣೆಯದೇ. ಬಿರಿಯಾನಿ ಬಿಟ್ಟುಬಿಡಿ ಎಂದರೆ ನೀವು ಕೇಳುವುದಿಲ್ಲ, ಮದುವೆ ಮನೆಯಲ್ಲಿ ನಾನೂ ಕೇಳುವುದಿಲ್ಲ. ವಾರದ ಉಳಿದ ದಿನಗಳ ಅಡುಗೆ ನಮ್ಮ ಕೈಯಲ್ಲಿದೆ. ರಾಗಿ ಮುದ್ದೆಗೆ ಹುರುಳಿಕಾಳಿನ ಸಾರು, ದಾಲ್ಚಾದಲ್ಲಿ ಮಾಂಸ ಕಡಿಮೆ, ಸೋರೆಕಾಯಿ, ಬೇಳೆ ಹೆಚ್ಚು, ಇಫ್ತಾರಿನಲ್ಲಿ ಎಣ್ಣೆಯಲ್ಲಿ ಕರಿದ ಸಮೋಸದ ಬದಲು ಕಡಲೆಕಾಳು ಉಸಲಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಉಪ್ಪಿನಕಾಯಿ, ಹಪ್ಪಳದ ಉಪ್ಪಿಗೂ ಲೆಕ್ಕವಿರಲಿ.

ಊಟ ಸರಿಯಾಯಿತೆಂದು ಡಾಕ್ಟರು ಕೊಟ್ಟ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಕಿಡ್ನಿ ತೊಂದರೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪು, ಹಣ್ಣು ಹೆಚ್ಚಿಸುವ ಮುನ್ನ ಅವರನ್ನೇ ಕೇಳಿ. ಎದೆ ಬಿಗಿದು ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಕಾಯಬೇಡಿ; 108ಕ್ಕೆ ಕರೆ ಮಾಡಿ.